ಇಂಜಿನಿಯರನ ಮುಂದಿರುವ ಎರಡು ಕಾಗದ

ಕೆಲಸ ಕಳೆದುಕೊಂಡ ಇಂಜಿನಿಯರನಿಗೆ ಬುದ್ಧಿ ಹೇಳುವವರು ಈಚೆಗೆ ಬಹಳ ಹೆಚ್ಚಾಗಿದ್ದಾರೆ. ಎರಡು ಕಂಪನಿಗಳಿಂದ ಕರೆ ಬಂದರೆ ಯಾವುದನ್ನು ಹಿಡಿಯಬೇಕು, ಸಂಬಳ ಎಷ್ಟು ಕೇಳಬೇಕು, ಹಳೆಯ ಕಂಪನಿಯ ಮೇಲೆ ಚಕಾರವೆತ್ತದೆ ಹೇಗೆ ನಗುನಗುತ್ತ ಕೂರಬೇಕು ಎಂದು ದೊಡ್ಡ ಪತ್ರಿಕೆಗಳ ಉದ್ಯೋಗದ ಪುಟಗಳಲ್ಲಿ ಪಾಠ ನಡೆಯುತ್ತಲೇ ಇದೆ. ಓದಿದರೆ, ಸಂತೆಗೆ ಹೋದ ರೈತ ಎರಡು ಜೋಡಿ ಎತ್ತು ನೋಡಿ ಯಾವುದನ್ನು ಕೊಳ್ಳಲಿ ಎಂದು ತಲೆ ಕೆರೆದುಕೊಳ್ಳುವ ಸುಖದ ಸಮಸ್ಯೆ ಇದು ಎಂದು ತೋರುತ್ತದೆ. ಈ ಸಂತೆಯಲ್ಲಿ ಕೊಳ್ಳುವವನು ಯಾರು, ಹಗ್ಗ ಕಟ್ಟಿಸಿಕೊಂಡು ನಿಂತ ಎತ್ತು ಯಾರು ಎಂಬುದನ್ನು ಈ ಪಂಡಿತರು ತಿರುಗುಮುರುಗು ಮಾಡಿದ್ದಾರೆ.

ಮೊದಲು ನಡೆದದ್ದನ್ನು ನೋಡೋಣ. 2025ರ ಜುಲೈಯಲ್ಲಿ ದೇಶದ ಅತಿ ದೊಡ್ಡ ಸಾಫ್ಟ್‌ವೇರ್ ಕಂಪನಿಯಾದ ಟಿಸಿಎಸ್, ತನ್ನ ನೌಕರರಲ್ಲಿ ನೂರಕ್ಕೆ 2 ಮಂದಿಯನ್ನು, ಅಂದರೆ ಸುಮಾರು 12 ಸಾವಿರ ಜನರನ್ನು, ಕಡಿಮೆ ಮಾಡುವುದಾಗಿ ಸಾರಿತು. ಹೋಗುವವರಲ್ಲಿ ಹೆಚ್ಚಿನವರು ನಡುವಿನ ಮತ್ತು ಮೇಲಿನ ದರ್ಜೆಯವರು. ಎಂದರೆ ಮನೆ ಸಾಲ, ಮಕ್ಕಳ ಶಾಲೆ, ಮುಪ್ಪಿನ ತಂದೆತಾಯಿಗಳ ಔಷಧಿ ಎಲ್ಲವೂ ಒಟ್ಟಿಗೆ ಹೆಗಲಿಗೆ ಬಿದ್ದಿರುವ ವಯಸ್ಸಿನವರು. ಅದೇ ವರ್ಷದ ಫೆಬ್ರವರಿಯಲ್ಲಿ ಮೈಸೂರಿನ ಇನ್ಫೋಸಿಸ್ ಆವರಣದಿಂದ 300ಕ್ಕೂ ಮೇಲ್ಪಟ್ಟು ತರಬೇತಿಯ ಹುಡುಗ ಹುಡುಗಿಯರನ್ನು, ಒಳಗಿನ ಪರೀಕ್ಷೆಯಲ್ಲಿ ಮೂರು ಸಲವೂ ತೇರ್ಗಡೆಯಾಗಲಿಲ್ಲವೆಂದು, ಹೊರಗೆ ಕಳಿಸಿದರು. ಇವರಲ್ಲಿ ಹಲವರು 2022ರಲ್ಲೇ ಆಫರ್ ಲೆಟರು ಪಡೆದು, ಸೇರಿಸಿಕೊಳ್ಳುವ ದಿನಕ್ಕಾಗಿ ಎರಡು ವರ್ಷ ಕಾದವರು. ರಾಜ್ಯದ ಕಾರ್ಮಿಕ ಇಲಾಖೆ ವಿಚಾರಣೆಯನ್ನೇನೋ ನಡೆಸಿತು. ಇವರು ತರಬೇತಿಯವರು, ಕಾಯಂ ನೌಕರರಲ್ಲ, ಆದ್ದರಿಂದ ಕಾಯಿದೆಯ ಉಲ್ಲಂಘನೆ ಕಾಣುವುದಿಲ್ಲ ಎಂದು ಕೈ ತೊಳೆದುಕೊಂಡಿತು. ಆಫರ್ ಲೆಟರು ಬಂದ ದಿನವೇ ಕೇರಿಗೆಲ್ಲ ಪೇಡೆ ಹಂಚುವ ತಂದೆತಾಯಿಗಳು ಇದನ್ನು ನೆನಪಿನಲ್ಲಿಡುವುದು ಒಳ್ಳೆಯದು.

ಲಕ್ಷ ಎಣಿಸುವವನ ಕಣ್ಣೀರು ಒರೆಸಲು ಪಕ್ಷದ ಪತ್ರಿಕೆ ಬೇಕೇ ಎಂದು ನಮ್ಮ ಸಂಗಾತಿಗಳೇ ಕೇಳುತ್ತಾರೆ. ಬೀಡಿ ಕಟ್ಟುವವರು, ಬಗರ್‌ಹುಕುಂ ಸಾಗುವಳಿದಾರರು, ಬಿಸಿಯೂಟದ ತಾಯಂದಿರು ಇರುವಾಗ ಈ ಕೋಟು ತೊಟ್ಟವನ ಚಿಂತೆ ನಿಮಗೇಕೆ ಎಂಬುದು ಅವರ ಆಕ್ಷೇಪಣೆ. ಈ ಆಕ್ಷೇಪಣೆಯನ್ನು ನಾವು ಒಪ್ಪುವುದಿಲ್ಲ. ಆ ಕೋಟಿನ ಹಿಂದೆ ಯಾರಿದ್ದಾರೆಂದು ಊರಿನಲ್ಲಿ ಒಮ್ಮೆ ತಿರುಗಿ ನೋಡಿದರೆ ಸಾಕು. ಮಗನ ಸೀಟಿಗಾಗಿ ಅರ್ಧ ಎಕರೆ ತೋಟ ಬರೆದುಕೊಟ್ಟ ಅಪ್ಪ ಇದ್ದಾನೆ, ಓದಿನ ಸಾಲಕ್ಕೆ ಜಾಮೀನು ನಿಂತ ಸೋದರಮಾವ ಇದ್ದಾನೆ. ದುಡಿಮೆಯನ್ನು ಮಾರಿ ಬದುಕುವವನು ದುಡಿಮೆಗಾರ. ಅವನು ಗುದ್ದಲಿ ಹಿಡಿದನೋ ಕಂಪ್ಯೂಟರಿನ ಕೀಲಿ ಒತ್ತಿದನೋ ಎಂಬುದರಿಂದ ಅವನ ಜಾತಿ ಬದಲಾಗುವುದಿಲ್ಲ. ಬದಲಾಗುತ್ತದೆಂದು ಅವನು ಸ್ವತಃ ನಂಬಿದ್ದ ಎಂಬುದು ಬೇರೆ ಮಾತು. ಅದಕ್ಕೆ ಮುಂದೆ ಬರುತ್ತೇವೆ.

ಕಳೆದ ತಿಂಗಳು ನಮ್ಮ ತಾಲ್ಲೂಕಿನ ಒಬ್ಬ ತರುಣರು ತಮ್ಮ ಕಾಗದಗಳನ್ನು ನಮ್ಮ ಕಚೇರಿಗೆ ತಂದಿದ್ದರು. ಬೆಂಗಳೂರಿನ ಒಂದು ಕಂಪನಿಯಲ್ಲಿ 11 ವರ್ಷ ದುಡಿದವರು. ಒಂದು ಬೆಳಿಗ್ಗೆ ಎಚ್.ಆರ್. ವಿಭಾಗದವರು ಕರೆದು, ನಿಮ್ಮ ಹುದ್ದೆ ಇನ್ನಿಲ್ಲ, ರಾಜೀನಾಮೆ ಬರೆದುಕೊಟ್ಟರೆ ಎರಡು ತಿಂಗಳ ಸಂಬಳ ಕೊಡುತ್ತೇವೆ, ಒಳ್ಳೆಯ ಸರ್ಟಿಫಿಕೇಟು ಕೊಡುತ್ತೇವೆ, ಇಲ್ಲವಾದರೆ ವಜಾ ಎಂದು ದಾಖಲೆಯಲ್ಲಿ ಬರುತ್ತದೆ, ಮುಂದೆ ಯಾರೂ ನಿಮ್ಮನ್ನು ತೆಗೆದುಕೊಳ್ಳುವುದಿಲ್ಲ ಎಂದರು. ಇವರು ಮಧ್ಯಾಹ್ನದೊಳಗೆ ಸಹಿ ಮಾಡಿದರು. ಮಾಡದಿರಲು ಪಕ್ಕದಲ್ಲಿ ಯಾರಿದ್ದರು?

ಆ ಸಹಿಯ ಬೆಲೆಯನ್ನು ನಾವು ಅವರೊಡನೆ ಕೂತು ಲೆಕ್ಕ ಹಾಕಿದೆವು. ಒಂದು ವರ್ಷಕ್ಕೆ ಮೇಲ್ಪಟ್ಟು ದುಡಿದ ಕೆಲಸಗಾರನನ್ನು ಕಡಿತ ಮಾಡಬೇಕಾದರೆ ಒಂದು ತಿಂಗಳ ನೋಟೀಸು ಅಥವಾ ಅದರ ವೇತನ ಕೊಡಬೇಕು. ಪೂರೈಸಿದ ಪ್ರತಿ ವರ್ಷಕ್ಕೂ 15 ದಿನದ ವೇತನವನ್ನು ಪರಿಹಾರವಾಗಿ ಕೊಡಬೇಕು. 1947ರ ಕೈಗಾರಿಕಾ ವಿವಾದ ಕಾಯಿದೆಯಲ್ಲಿ ಇದು ಇತ್ತು, ಅದರ ಜಾಗಕ್ಕೆ ಬಂದಿರುವ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲೂ ಇದೆ. ಇವರ ವಿಷಯದಲ್ಲಿ ಕಾಯಿದೆ ಲೆಕ್ಕಕ್ಕೆ ಹಿಡಿಯುವ ವೇತನ ತಿಂಗಳಿಗೆ 60 ಸಾವಿರ. 11 ವರ್ಷಕ್ಕೆ ಐದೂವರೆ ತಿಂಗಳಾಯಿತು, 3 ಲಕ್ಷ 30 ಸಾವಿರ. ನೋಟೀಸಿನದು 60 ಸಾವಿರ. ಒಟ್ಟು 3 ಲಕ್ಷ 90 ಸಾವಿರ. ಕಂಪನಿ ಔದಾರ್ಯದಿಂದ ಕೊಟ್ಟದ್ದು 1 ಲಕ್ಷ 20 ಸಾವಿರ. ಉಳಿದ 2 ಲಕ್ಷ 70 ಸಾವಿರ ಒಂದು ಸಹಿಯಲ್ಲಿ ಕರಗಿತು. ಗ್ರಾಚ್ಯುಟಿ ಬೇರೆ, ಐದು ವರ್ಷ ದುಡಿದವನು ರಾಜೀನಾಮೆ ಕೊಟ್ಟರೂ ಅದು ಸಲ್ಲುತ್ತದೆ, ಅದನ್ನು ಕಂಪನಿಯ ಕೃಪೆ ಎಂದು ಯಾರೂ ತಿಳಿಯಬೇಕಾಗಿಲ್ಲ. ಮೇಲಾಗಿ, ಕಡಿತವಾದ ಕೆಲಸಗಾರನಿಗೆ ಇನ್ನೊಂದು ಹಕ್ಕಿದೆ: ಅದೇ ಕಂಪನಿ ವರ್ಷದೊಳಗೆ ಮತ್ತೆ ಜನ ತೆಗೆದುಕೊಂಡರೆ ಇವನನ್ನು ಮೊದಲು ಕರೆಯಬೇಕು. ರಾಜೀನಾಮೆ ಕೊಟ್ಟವನಿಗೆ ಅದೂ ಇಲ್ಲ.

ರಾಜೀನಾಮೆ ಎಂಬ ಶಬ್ದ ಮಲೆನಾಡಿನ ಗೇಣಿದಾರರ ಮಕ್ಕಳಿಗೆ ಹೊಸದಲ್ಲ. 1961ರ ಭೂಸುಧಾರಣಾ ಕಾಯಿದೆ ಬರುತ್ತದೆಂದು ತಿಳಿದೊಡನೆ ಒಡೆಯರು ಒಕ್ಕಲುಗಳನ್ನು ಜಗಲಿಗೆ ಕರೆಸಿ, ಭೂಮಿಯನ್ನು ಸ್ವಂತ ಖುಷಿಯಿಂದ ಬಿಟ್ಟುಕೊಟ್ಟಿದ್ದೇನೆ ಎಂದು ಹೆಬ್ಬೆಟ್ಟು ಒತ್ತಿಸಿಕೊಂಡರು. ಕಾಯಿದೆ ಗೇಣಿದಾರನನ್ನು ರಕ್ಷಿಸುತ್ತಿತ್ತು. ಆದರೆ ಕಾಗದದ ಮೇಲೆ ಗೇಣಿದಾರನೇ ಇರಲಿಲ್ಲ. 1974ರ ತಿದ್ದುಪಡಿ ಬಂದು ಜನ ಫಾರಂ 7 ಹಿಡಿದು ಭೂ ನ್ಯಾಯಮಂಡಳಿಯ ಮುಂದೆ ನಿಲ್ಲುವವರೆಗೆ ಆ ಹೆಬ್ಬೆಟ್ಟು ಎಷ್ಟೋ ಮನೆಗಳನ್ನು ತಿಂದಿತು. ತುಮಕೂರಿನ ಎಚ್‌ಎಂಟಿ ಕೈಗಡಿಯಾರದ ಕಾರ್ಖಾನೆ 2016ರಲ್ಲಿ ಮುಚ್ಚುವಾಗಲೂ ಕೆಲಸಗಾರರ ಕೈಗೆ ಬಂದದ್ದು ಸ್ವಯಂ ನಿವೃತ್ತಿಯ ಕಾಗದವೇ. ಕೆಲಸ ಕಳೆದುಕೊಳ್ಳುವವನು ನಮ್ಮ ದೇಶದಲ್ಲಿ ಯಾವಾಗಲೂ ತಾನಾಗಿಯೇ ಕಳೆದುಕೊಳ್ಳುತ್ತಾನೆ!

ಇನ್ನು ಆ ಎರಡು ಆಫರ್‌ಗಳು.

ಮೊದಲನೆಯದು ಬೆಂಗಳೂರಿನದು. ಹಳೆಯ ಸಂಬಳಕ್ಕಿಂತ ಮೂರರಲ್ಲೊಂದು ಪಾಲು ಹೆಚ್ಚು. ಊರಿನವರೆಲ್ಲ, ಕೆಲಸ ಹೋದದ್ದೇ ಒಳ್ಳೆಯದಾಯಿತಲ್ಲ ಮಾರಾಯಾ ಎಂದು ಬೆನ್ನು ತಟ್ಟಿದ್ದು ಈ ಅಂಕಿ ನೋಡಿ. ಎರಡನೆಯದು ಮೈಸೂರಿನ ಒಂದು ಸಣ್ಣ ಕಂಪನಿಯದು. ಹಳೆಯದಕ್ಕಿಂತ ಐದರಲ್ಲೊಂದು ಪಾಲು ಕಡಿಮೆ. ಅಂಕಿ ಬಿಟ್ಟು ಒಳಗಿನ ಷರತ್ತುಗಳನ್ನು ಓದಿದಾಗ ಬೇರೆ ಚಿತ್ರ ಕಂಡಿತು. ಮೊದಲನೆಯದರಲ್ಲಿ ನೇಮಕ ಮಾಡುವುದು ಕಂಪನಿಯಲ್ಲ, ಜನ ಒದಗಿಸುವ ಒಂದು ಏಜೆನ್ಸಿ. ಅವಧಿ ಒಂದು ವರ್ಷ, ಬೇಕಾದರೆ ಮುಂದುವರಿಸುತ್ತಾರೆ. ಇವರು ಬಿಡಬೇಕಾದರೆ 90 ದಿನದ ನೋಟೀಸು, ಅವರು ಬಿಡಿಸಬೇಕಾದರೆ 30 ದಿನ. ಸೇರುವಾಗ ಕೊಡುವ ಬೋನಸ್ಸನ್ನು ವರ್ಷದೊಳಗೆ ಬಿಟ್ಟರೆ ಹಿಂದಿರುಗಿಸಬೇಕು. ಬಿಟ್ಟ ಮೇಲೆ ಒಂದು ವರ್ಷ ಎದುರಾಳಿ ಕಂಪನಿಗೆ ಸೇರಬಾರದು ಎಂದೂ ಇದೆ. 1872ರ ಕರಾರು ಕಾಯಿದೆಯ 27ನೆಯ ಕಲಮಿನ ಮುಂದೆ ಇಂಥ ಷರತ್ತು ನಿಲ್ಲುವುದಿಲ್ಲ, ಆದರೂ ಹೆದರಿಸಲು ಸಾಲುತ್ತದೆಂದು ಬರೆಯುತ್ತಾರೆ. ಎರಡನೆಯದು ಆರು ತಿಂಗಳ ಪರೀಕ್ಷಾ ಅವಧಿಯಾದ ಮೇಲೆ ಕಾಯಂ. ನೋಟೀಸು ಎರಡೂ ಕಡೆಗೆ ಎರಡು ತಿಂಗಳು.

ಕರಾವಳಿಯ ಕಡೆ ಮೂಲಗೇಣಿ, ಚಾಲಗೇಣಿ ಎಂದು ಎರಡು ಬಗೆಯಿತ್ತು. ಮೂಲಗೇಣಿಯವನನ್ನು ಒಡೆಯ ಮನಸ್ಸು ಬಂದಂತೆ ಎಬ್ಬಿಸಲಾರ. ಚಾಲಗೇಣಿಯವನು ವರ್ಷಕ್ಕೊಮ್ಮೆ ಒಡೆಯನ ಮುಖ ನೋಡಬೇಕು. ನಿಗದಿ ಅವಧಿಯ ನೌಕರಿ ಎಂದು ಸಂಹಿತೆ ಹೊಸ ಹೆಸರಿಟ್ಟಿರುವುದು ಈ ಚಾಲಗೇಣಿಗೇ. ಅವಧಿ ತೀರಿ ಮನೆಗೆ ಕಳಿಸಿದರೆ ಅದು ಕಡಿತವೆಂದು ಲೆಕ್ಕಕ್ಕಿಲ್ಲ. ಆ 15 ದಿನದ ಪರಿಹಾರವೂ ಇಲ್ಲ. ಒಂದು ವರ್ಷ ದುಡಿದರೆ ಗ್ರಾಚ್ಯುಟಿ ಸಿಗುತ್ತದೆ ಎಂದು ಸಚಿವರು ಹೆಮ್ಮೆಯಿಂದ ಹೇಳುತ್ತಾರೆ. ಸಿಗಲಿ, ಸಂತೋಷ. ಮನೆಯ ತೊಲೆ ತೆಗೆದುಕೊಂಡು ಒಂದು ಹೆಂಚು ಕೊಟ್ಟರೆ ಅದನ್ನೂ ಬೇಡವೆನ್ನಬಾರದು.

ಅಳತೆಯ ಮಾತನ್ನೂ ಹೇಳಬೇಕು. ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಸತ್ಯಾಗ್ರಹ ನಡೆದಾಗ ಎದ್ದ ಪ್ರಶ್ನೆಗಳಲ್ಲಿ ಒಂದು, ಗೇಣಿ ಅಳೆಯುವ ಕೊಳಗದ್ದು. ಇಂದಿನ ಕೊಳಗದ ಹೆಸರು ಸಿ.ಟಿ.ಸಿ. ಅದರೊಳಗೆ ಕಂಪನಿ ಕಟ್ಟಲೇಬೇಕಾದ ಭವಿಷ್ಯನಿಧಿಯ ಪಾಲು ಇರುತ್ತದೆ, ಗ್ರಾಚ್ಯುಟಿ ಇರುತ್ತದೆ, ವಿಮೆಯ ಕಂತು ಇರುತ್ತದೆ, ಲಾಭ ಬಂದರೆ ಕೊಡುವ ಭಾಗ ಇರುತ್ತದೆ, ಒಂದೇ ಸಲ ಬಂದು ಹೋಗುವ ಬೋನಸ್ಸೂ ಇರುತ್ತದೆ. ಹಸಿ ಅಡಿಕೆ ತೂಗಿ ಒಣ ರಾಶಿಯ ಬೆಲೆ ಹೇಳಿದಂತೆ. ನಾವು ಇವೆಲ್ಲ ಕಳೆದು ಒಣಗಿಸಿ ನೋಡಿದಾಗ ಮೂರರಲ್ಲೊಂದು ಪಾಲು ಹೆಚ್ಚು ಎಂದದ್ದು ಹತ್ತರಲ್ಲೊಂದಕ್ಕೆ ಇಳಿಯಿತು.

ನಮ್ಮ ಅಭಿಪ್ರಾಯವನ್ನು ನಾವು ಮುಚ್ಚಿಡಲಿಲ್ಲ. ಮೈಸೂರಿಗೆ ಹೋಗಿ ಎಂದೆವು. ತರುಣರೂ ಒಪ್ಪಿದರು. ಆದರೆ ಆ ಸಂಬಳದಲ್ಲಿ ಬ್ಯಾಂಕಿನ ಕಂತು ಮತ್ತು ಮನೆಯ ಖರ್ಚಿಗೆ ತಿಂಗಳಿಗೆ 15 ಸಾವಿರ ಕಡಿಮೆ ಬೀಳುತ್ತಿತ್ತು. ಅವರು ಮೊದಲನೆಯ ಕಾಗದಕ್ಕೇ ಸಹಿ ಹಾಕಿದರು. ಏಜೆನ್ಸಿಯವರು ಉತ್ತರಕ್ಕೆ ಎರಡೇ ದಿನ ಕೊಟ್ಟಿದ್ದರು. ಕೆಲಸವಿಲ್ಲದವನು ತಕ್ಷಣ ಸೇರಬಲ್ಲ ಎಂಬುದೇ ಅವನ ಯೋಗ್ಯತೆ ಎಂದು ಆ ಸಂತೆಯ ನಿಯಮ. ಅವರನ್ನು ನಾವು ಒಂದು ಮಾತೂ ಅನ್ನುವುದಿಲ್ಲ. ಮನೆಯಲ್ಲಿ ತಾಯಿ ಇದ್ದಾರೆ, ಇಬ್ಬರು ಮಕ್ಕಳಿದ್ದಾರೆ.

ಈಗ ಓದುಗರು ಒಂದು ಸಣ್ಣ ಲೆಕ್ಕ ಮಾಡಲಿ. ತಿಂಗಳಿಗೆ 15 ಸಾವಿರದ ಕೊರತೆಯನ್ನು 2 ಲಕ್ಷ 70 ಸಾವಿರ ಎಷ್ಟು ಕಾಲ ತುಂಬಬಲ್ಲದು? ಹದಿನೆಂಟು ತಿಂಗಳು. ಹಳೆಯ ಕಂಪನಿ ನುಂಗಿದ ಆ ಹಣ ಕೈಯಲ್ಲಿದ್ದರೆ ಇವರು ಕಾಯಂ ಕೆಲಸವನ್ನೇ ಹಿಡಿಯುತ್ತಿದ್ದರು, ಒಂದೂವರೆ ವರ್ಷದಲ್ಲಿ ಸಂಬಳವೂ ಏರುತ್ತಿತ್ತು. ಎರಡು ಕಾಗದಗಳ ನಡುವೆ ಯಾವುದನ್ನು ಆರಿಸಬೇಕೆಂಬುದು ಅವರು ರಾಜೀನಾಮೆಗೆ ಸಹಿ ಹಾಕಿದ ಮಧ್ಯಾಹ್ನವೇ ತೀರ್ಮಾನವಾಗಿ ಹೋಗಿತ್ತು. ಉದ್ಯೋಗದ ಪುಟದ ಯಾವ ಪಂಡಿತನೂ ಈ ಲೆಕ್ಕ ಮಾಡಿ ತೋರಿಸಿದ್ದನ್ನು ನಾವು ಕಂಡಿಲ್ಲ.

ಇಂಜಿನಿಯರ್ ಬಂಧುಗಳಿಗೂ ಒಂದು ಕಟುವಾದ ಮಾತು ಹೇಳಬೇಕು. ಸಾರಿಗೆ ನೌಕರರು ಮುಷ್ಕರ ಹೂಡಿದಾಗ, ಆಫೀಸಿಗೆ ತಡವಾಯಿತೆಂದು ಸಿಡುಕಿದವರು ನೀವು. ಸಂಘ ಎಂದರೆ ಸೋಮಾರಿಗಳ ಕೂಟ ಎಂದು ನಕ್ಕವರು ನೀವು. ನೀವು ದುಡಿಯುವ ಅದೇ ಬೆಂಗಳೂರಿನಲ್ಲಿ 1980ರ ಕೊನೆಯಿಂದ 1981ರ ಮಾರ್ಚಿಯವರೆಗೆ ಎಚ್‌ಎಎಲ್, ಬಿಇಎಲ್, ಐಟಿಐ, ಎಚ್‌ಎಂಟಿ, ಬಿಇಎಂಎಲ್ ಕಾರ್ಖಾನೆಗಳ ಲಕ್ಷಕ್ಕೂ ಮೇಲ್ಪಟ್ಟ ಕೆಲಸಗಾರರು ಎರಡು ತಿಂಗಳಿಗೂ ಹೆಚ್ಚು ಕಾಲ ಮುಷ್ಕರ ನಡೆಸಿದರು. ಅವರಲ್ಲೂ ನಿಮ್ಮಂತೆಯೇ ಯಂತ್ರಶಾಸ್ತ್ರ ಬಲ್ಲವರಿದ್ದರು. ಕಂಪನಿ ನಿಮಗೆ ಲೀಡ್ ಎಂದೋ ಮ್ಯಾನೇಜರ್ ಎಂದೋ ಹೆಸರಿಟ್ಟಿದ್ದು, ನೀವು ಕೆಲಸಗಾರರಲ್ಲ ಎಂದು ನಾಳೆ ವಾದಿಸುವುದಕ್ಕೆ. ಆದರೆ ನೀವು ನಿಜಕ್ಕೂ ಮಾಡುವ ಕೆಲಸವೇನು ಎಂಬುದನ್ನು ನ್ಯಾಯಾಲಯ ನೋಡುತ್ತದೆಯೇ ಹೊರತು ಬಾಗಿಲ ಮೇಲಿನ ಹಲಗೆಯನ್ನಲ್ಲ. ಕರ್ನಾಟಕ ರಾಜ್ಯ ಐಟಿ, ಐಟಿಇಎಸ್ ನೌಕರರ ಸಂಘ ಎಂಬ ಸಂಘಟನೆ ಈ ರಾಜ್ಯದಲ್ಲಿದೆ. 2024ರ ಜುಲೈಯಲ್ಲಿ ದಿನಕ್ಕೆ 14 ಗಂಟೆಯವರೆಗೆ ದುಡಿಸಲು ಅವಕಾಶ ಕೊಡುವ ಪ್ರಸ್ತಾಪ ಬಂದಾಗ ಬೀದಿಗಿಳಿದದ್ದು ಅದೇ. ಅದು ನಮ್ಮ ಪಕ್ಷದ ಸಂಘವಲ್ಲ. ಆದರೂ ಸೇರಿ ಎಂದು ಹೇಳಲು ನಮಗೆ ಸಂಕೋಚವಿಲ್ಲ.

ಸರ್ಕಾರ ಏನು ಮಾಡಿತು? ಕಂಪನಿಯೊಳಗಿನ ಶಿಸ್ತು, ವಜಾ, ದೂರುಗಳಿಗೆ ಲಿಖಿತ ನಿಯಮ ಬೇಕೆನ್ನುವ 1946ರ ಸ್ಥಾಯೀ ಆದೇಶಗಳ ಕಾಯಿದೆಯಿಂದ ಈ ಉದ್ದಿಮೆಗೆ ವಿನಾಯಿತಿ ಕೊಡುತ್ತ ಬಂದಿತು. ಮಂತ್ರಿಮಂಡಲಗಳು ಬದಲಾದವು, ವಿನಾಯಿತಿ ಬದಲಾಗಲಿಲ್ಲ; 2024ರ ಜೂನ್‌ನಲ್ಲಿ ಮತ್ತೆ 5 ವರ್ಷಕ್ಕೆ ಮುಂದುವರಿಸಿದರು. ದೆಹಲಿಯ ಪ್ರಭುಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ 2025ರ ನವೆಂಬರ್ 21ರಂದು ನಾಲ್ಕು ಸಂಹಿತೆಗಳನ್ನು ಜಾರಿಗೆ ತಂದು ಹಳೆಯ ಕಾಯಿದೆಗಳನ್ನು ಮಡಿಚಿಟ್ಟರು. ಕಾರ್ಖಾನೆಯಲ್ಲಿ 100 ಮಂದಿ ಇದ್ದರೆ ಕಡಿತಕ್ಕೆ ಸರ್ಕಾರದ ಅನುಮತಿ ಬೇಕಾಗಿತ್ತು. ಈಗ 300 ಇರಬೇಕು. ಸಾಫ್ಟ್‌ವೇರ್ ಆಫೀಸು ಕಾರ್ಖಾನೆಯೂ ಅಲ್ಲ, ಗಣಿಯೂ ಅಲ್ಲ, ತೋಟವೂ ಅಲ್ಲವಾದ್ದರಿಂದ ಆ ಅನುಮತಿಯ ಮಾತು ಅಲ್ಲಿಗೆ ಅಂದೂ ಇರಲಿಲ್ಲ, ಇಂದೂ ಇಲ್ಲ. ಸಾವಿರಾರು ಜನರನ್ನು ಹೊರಹಾಕಲು ಒಬ್ಬ ಗುಮಾಸ್ತನ ರುಜುವೂ ಬೇಡ!

ನಮ್ಮ ಬೇಡಿಕೆ ದೊಡ್ಡದೇನೂ ಅಲ್ಲ. ಒಂದು ಕಂಪನಿಯಲ್ಲಿ ಒಂದೇ ತಿಂಗಳು ಹತ್ತಾರು ರಾಜೀನಾಮೆಗಳು ಬಿದ್ದರೆ ಕಾರ್ಮಿಕ ಅಧಿಕಾರಿ ಹೋಗಿ ಪ್ರತಿಯೊಬ್ಬರನ್ನೂ ಬೇರೆಯಾಗಿ ಕರೆದು ವಿಚಾರಿಸಲಿ. ಒತ್ತಾಯದ್ದೆಂದು ಕಂಡರೆ ಕಡಿತವೆಂದು ಬರೆದುಕೊಂಡು ಪರಿಹಾರ ಕೊಡಿಸಲಿ. ರಾಜ್ಯದ ನಿಯಮಗಳಲ್ಲಿ ಇಷ್ಟನ್ನು ಸೇರಿಸಲು ಯಾವ ದೆಹಲಿಯ ಅಪ್ಪಣೆಯೂ ಬೇಕಿಲ್ಲವೆಂದು ನಾವು ವಾದಿಸುತ್ತೇವೆ. ಜಿಲ್ಲೆಯ ಶಾಸಕರಿಗೆ ಈ ವಿಷಯ ಬರೆದು ಕಳಿಸಿದ್ದೇವೆ. ಉತ್ತರ ಬಂದರೆ ಅಚ್ಚು ಹಾಕುತ್ತೇವೆ, ಬಾರದಿದ್ದರೆ ಬಂದಿಲ್ಲವೆಂಬುದನ್ನು ಅಚ್ಚು ಹಾಕುತ್ತೇವೆ.

ಆ ತರುಣರು ಬಲವಂತದ ರಾಜೀನಾಮೆಯ ಬಗ್ಗೆ ಕಾರ್ಮಿಕ ಅಧಿಕಾರಿಗೆ ಅರ್ಜಿ ಕೊಟ್ಟಿದ್ದಾರೆ. ವಿವಾದ ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ರಾಜಿ ಅಧಿಕಾರಿಯ ಮುಂದೆ ಹೋಗಬೇಕು. ಇವರಿಗೆ ಇನ್ನೂ ಕಾಲವಿದೆ, ನಮ್ಮ ಜಿಲ್ಲೆಯ ಇನ್ನೂ ಎಷ್ಟೋ ಜನರಿಗೂ ಇದೆ. ಭಾನುವಾರ ಬೆಳಿಗ್ಗೆ ಪಕ್ಷದ ಕಚೇರಿ ತೆರೆದಿರುತ್ತದೆ. ನೇಮಕದ ಕಾಗದ, ಕೊನೆಯ ಮೂರು ತಿಂಗಳ ಸಂಬಳದ ಚೀಟಿ, ಎಚ್.ಆರ್. ಕಳಿಸಿದ ಮೆಸೇಜುಗಳು, ಹೊಸದಾಗಿ ಬಂದ ಆಫರ್ ಲೆಟರುಗಳು ಎಲ್ಲವನ್ನೂ ತನ್ನಿ. ಸಹಿ ಹಾಕುವ ಮೊದಲೇ ತಂದರೆ ಇನ್ನೂ ಒಳ್ಳೆಯದು.