ಹಾವಿನ ಮನೆಗೂ ಹದವಾದ ತೇವ

ಸೋದರಿಯರೇ, ಈ ಸಲದ ವಿಷಯ ನೋಡಿ ನೀವು ಮೂಗಿನ ಮೇಲೆ ಬೆರಳಿಟ್ಟೀರಿ! ಅಮೇರಿಕದಲ್ಲಿರುವ ನಮ್ಮಕ್ಕನ ಮಗ ಆಫ್ರಿಕದ ಸಣ್ಣ ಹೆಬ್ಬಾವು ಸಾಕಿದ್ದಾನೆ. ಬಾಲ್ ಪೈಥಾನ್ ಅಂತ ಹೆಸರು. ಹೆದರಿದರೆ ಚೆಂಡಿನ ಹಾಗೆ ಸುತ್ತಿಕೊಳ್ಳುತ್ತೆ. (ನಮ್ಮ ಕಾಡು-ಹೊಲದ ಹಾವು ಹಿಡಿದು ಸಾಕುವುದು 1972ರ ವನ್ಯಜೀವಿ ಕಾಯಿದೆ ಪ್ರಕಾರ ಅಪರಾಧ. ಮಕ್ಕಳು ಹಟ ಹಿಡಿದರೂ ಬೇಡ ಅನ್ನಿ.)

ಅಲ್ಲಿ ಚಳಿಗಾಲದಲ್ಲಿ ಹೀಟರ್ ಹಾಕಿ ಮನೆಯೊಳಗಿನ ಗಾಳಿ ಒಣಗಿಬಿಡುತ್ತೆ. ಆಗ ಹಾವಿನ ಪೊರೆ ಇಡಿಯಾಗಿ ಕಳಚದೆ ಚೂರುಚೂರಾಗಿ ಮೈಗೇ ಅಂಟಿಕೊಳ್ಳುತ್ತೆ. ಹಾವಿಗೆ ರೆಪ್ಪೆಯಿಲ್ಲ, ಕಣ್ಣಿನ ಮೇಲೂ ಪೊರೆಯೇ. ಅದು ಉಳಿದುಕೊಂಡರೆ ಚಿಮಟದಿಂದ ಕೀಳಲು ಹೋಗಬಾರದು, ಕಣ್ಣೇ ಹೋದೀತು! ಪಶುವೈದ್ಯರಿಗೇ ತೋರಿಸಬೇಕು.

ಗಾಜಿನ ಪೆಟ್ಟಿಗೆಯೊಳಗೆ ಹೈಗ್ರೋಮೀಟರ್ ಇಟ್ಟು, ತೇವ ಶೇಕಡಾ 60ರ ಆಸುಪಾಸು ಇರುವಂತೆ ನೋಡಿಕೊಳ್ಳಬೇಕು. ಕಣ್ಣು ನೀಲಿಗಟ್ಟಿ ಮಸುಕಾಯಿತೋ, ಪೊರೆ ಬಿಡುವ ಕಾಲ ಬಂತೆಂದೇ ಲೆಕ್ಕ; ಆಗ ಕೊಂಚ ಹೆಚ್ಚು ಬೇಕು. ಜಾಲರಿ ಮುಚ್ಚಳವಾದರೆ ಬಲ್ಬಿಲ್ಲದ ಕಡೆ ಸ್ವಲ್ಪ ಮುಚ್ಚಿ, ಗಾಳಿಗೂ ಜಾಗ ಬಿಡಬೇಕು. ಅಗಲವಾದ ನೀರಿನ ಬಟ್ಟಲು, ಕೆಳಗೆ ತೆಂಗಿನ ನಾರಿನ ಪುಡಿ. ಹಾವು ನುಗ್ಗುವಷ್ಟು ತೂತು ಮಾಡಿದ ಡಬ್ಬಿಯಲ್ಲಿ ನೆನೆಸಿ ಹಿಂಡಿದ ಪಾಚಿ ಹಾಸಿಟ್ಟರಂತೂ ಬಹಳ ಒಳ್ಳೆಯದು. ಕಾಳು ಮೊಳಕೆ ಕಟ್ಟುವ ಬಟ್ಟೆಯಷ್ಟು ಒದ್ದೆ ಸಾಕು. ಪ್ರೀತಿಯೆಂದು ನೀರು ಸುರಿದು ಕೆಸರು ಮಾಡಿದರೆ ಹೊಟ್ಟೆಯ ಚರ್ಮ ಕೊಳೆಯುತ್ತೆ, ಉಸಿರಾಟದ ಕಾಯಿಲೆಯೂ ಬರುತ್ತೆ.

ಈಗ ಪೊರೆ ಕಾಲುಚೀಲ ತೆಗೆದ ಹಾಗೆ ಬರುತ್ತಂತೆ. ಅದರ ತಲೆಯ ಭಾಗದಲ್ಲಿ ಎರಡೂ ಕಣ್ಣಿನ ಪೊರೆ ಬಂದಿದೆಯೇ ಅಂತ ನೋಡಿದ ಮೇಲೇ ಹುಡುಗ ಬಿಸಾಡೋದು.