ದೇಹದ ತೂಕ, ಮಾತಿನ ತೂಕ

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ಗಾದೆಯನ್ನು ಕೇಳದ ಕನ್ನಡಿಗರು ವಿರಳ. ಆದರೆ ತೂಕ ಇಳಿಸುವ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರ ವಿಷಯ ಬಂದಾಗ ನಮಗೆ ಈ ಗಾದೆಯ ಮೊದಲರ್ಧ ಮಾತ್ರ ನೆನಪಾಗುತ್ತದೆ. ‘ಬಾಯಿ ಕಟ್ಟಲಾರದೆ ಹೊಟ್ಟೆ ಕೊಯ್ಸಿಕೊಂಡರು’, ‘ದುಡ್ಡಿದ್ದವರ ಅಡ್ಡದಾರಿ’, ‘ದಿನಾ ಬೆಳಿಗ್ಗೆ ನಡೆದಿದ್ದರೆ ಸಾಕಿತ್ತು’ ಎಂಬಂತಹ ಮಾತುಗಳು ಭಾನುವಾರದ ಬಲಿಪೂಜೆಯ ಬಳಿಕ ಚರ್ಚಿನ ಅಂಗಳದಲ್ಲಿಯೂ ಮದುವೆ ಮನೆಯ ರೋಸ್ ಚಪ್ಪರದಲ್ಲಿಯೂ ಸಲೀಸಾಗಿ ಹರಿದಾಡುತ್ತವೆ.

ಇದರ ಪರಿಣಾಮ ಸಣ್ಣದಲ್ಲ. ಚಿಕಿತ್ಸೆ ಪಡೆದವರು ಪಿತ್ತಕೋಶದ ಕಲ್ಲಿನ ಆಪರೇಷನ್ ಎಂದು ಸುಳ್ಳು ಹೇಳಿ ತಿರುಗಾಡಬೇಕಾಗುತ್ತದೆ. ವೈದ್ಯರು ಸಲಹೆ ನೀಡಿದ್ದರೂ ‘ಜನ ಏನೆಂದಾರು’ ಎಂಬ ಅಂಜಿಕೆಯಿಂದ ವರ್ಷಗಟ್ಟಲೆ ಮುಂದೂಡುವವರೂ ಇದ್ದಾರೆ. ಅಷ್ಟರಲ್ಲಿ ಮಧುಮೇಹ, ರಕ್ತದೊತ್ತಡ, ನಿದ್ರೆಯಲ್ಲಿ ಉಸಿರುಗಟ್ಟುವ ತೊಂದರೆಗಳು ತಮ್ಮ ಕೆಲಸ ಮಾಡುತ್ತಲೇ ಇರುತ್ತವೆ.

ತೀರ್ಪು ನೀಡುವುದೇ ತಪ್ಪೆಂದು ಹೇಳಲಾಗದು. 13ನೆಯ ಶತಮಾನದ ತತ್ತ್ವಜ್ಞಾನಿ ಸಂತ ತೋಮಸ್ ಅಕ್ವಿನಾಸರು ನ್ಯಾಯಯುತವಾದ ತೀರ್ಪಿಗೆ ಮೂರು ಅಗತ್ಯಗಳನ್ನು ಗುರುತಿಸಿದ್ದಾರೆ. ತೀರ್ಪು ನ್ಯಾಯಬುದ್ಧಿಯಿಂದ ಹುಟ್ಟಬೇಕು. ನೀಡುವವನಿಗೆ ಅದರ ಅಧಿಕಾರವಿರಬೇಕು. ವಿವೇಕದಿಂದ ವಿಷಯವನ್ನು ಅರಿತಿರಬೇಕು. ಇವುಗಳಲ್ಲಿ ಒಂದು ಕೊರತೆಯಾದರೂ ತೀರ್ಪು ದೋಷಯುಕ್ತವಾಗುತ್ತದೆ. ನಮ್ಮ ಚಪ್ಪರದ ಮಾತುಗಳನ್ನು ಈ ಒರೆಗಲ್ಲಿಗೆ ಹಚ್ಚಿ ನೋಡೋಣ.

ಮೊದಲು ಅರಿವಿನ ಮಾತು. ಬಾಯಿ ಕಟ್ಟಿದರೆ ಸಾಕೆನ್ನುವವರು ದೇಹದ ಸ್ವಭಾವವನ್ನು ತಿಳಿದಿಲ್ಲ. ತೂಕ ಇಳಿದಾಗ ದೇಹವು ಅದನ್ನು ಬರಗಾಲವೆಂದೇ ಬಗೆದು ತನ್ನ ಖರ್ಚನ್ನು ಕಡಿಮೆ ಮಾಡಿಕೊಳ್ಳುತ್ತದೆ. ಇಳಿದ ತೂಕಕ್ಕೆ ನಿರೀಕ್ಷಿಸಬಹುದಾದುದಕ್ಕಿಂತಲೂ ಹೆಚ್ಚಾಗಿ ಈ ಖರ್ಚು ಕುಗ್ಗುತ್ತದೆಂಬುದನ್ನು ಅಮೆರಿಕದ ಸಂಶೋಧಕರು 1995ರಲ್ಲಿಯೇ ತೋರಿಸಿಕೊಟ್ಟರು. ಹಸಿವನ್ನು ಕೆರಳಿಸುವ ಗ್ರೆಲಿನ್ ಎಂಬ ಹಾರ್ಮೋನನ್ನು 1999ರಲ್ಲಿ ಜಪಾನಿನ ವಿಜ್ಞಾನಿಗಳು ಗುರುತಿಸಿದರು. ಪಥ್ಯದಿಂದ ತೂಕ ಇಳಿಸಿದವರಲ್ಲಿ ಇದರ ಪ್ರಮಾಣ ಏರುತ್ತದೆ. ಅಂದರೆ ಇಚ್ಛಾಶಕ್ತಿ ಒಂದೆಡೆ ಎಳೆದರೆ ದೇಹವು ಇನ್ನೊಂದೆಡೆ ಎಳೆಯುತ್ತದೆ. ಸ್ಲೀವ್ ಎಂಬ ಶಸ್ತ್ರಚಿಕಿತ್ಸೆಯಲ್ಲಿ ಜಠರದ ಮುಕ್ಕಾಲು ಭಾಗಕ್ಕೂ ಮಿಗಿಲಾಗಿ ತೆಗೆಯುವುದರಿಂದ, ಹಿಡಿಯುವ ಅನ್ನದ ಪ್ರಮಾಣದೊಡನೆ ಈ ಹಾರ್ಮೋನಿನ ಪ್ರಮಾಣವೂ ತಗ್ಗುತ್ತದೆ. ಇದು ಸೌಂದರ್ಯಕ್ಕಾಗಿ ಮಾಡುವ ಅಲಂಕಾರವಲ್ಲ. ಸ್ವೀಡನ್ನಿನಲ್ಲಿ 1987ರಲ್ಲಿ ಆರಂಭವಾಗಿ ಸುಮಾರು 4,000 ಸ್ಥೂಲಕಾಯರನ್ನು ಗಮನಿಸಿದ ಅಧ್ಯಯನವೊಂದು, ಶಸ್ತ್ರಚಿಕಿತ್ಸೆಗೆ ಒಳಗಾದವರಲ್ಲಿ ಮರಣದ ಪ್ರಮಾಣ ಕಡಿಮೆಯಿದೆಯೆಂದು 2007ರಲ್ಲಿ ವರದಿ ಮಾಡಿತು.

ಬಯಸಿದವರಿಗೆಲ್ಲ ಈ ಚಿಕಿತ್ಸೆಯ ಖರ್ಚು ವಿಮೆಯಿಂದ ದೊರೆಯುವುದಿಲ್ಲ. ನಮ್ಮ ದೇಶದ ವಿಮಾ ನಿಯಂತ್ರಣ ಪ್ರಾಧಿಕಾರವು 2019ರಲ್ಲಿ ನೀಡಿದ ಮಾರ್ಗಸೂಚಿಯಲ್ಲಿ, ಬಿ.ಎಂ.ಐ. 40 ಅಥವಾ ಅದಕ್ಕೂ ಹೆಚ್ಚು ಇರಬೇಕು, ಇಲ್ಲವೇ 35 ಅಥವಾ ಅದಕ್ಕೂ ಹೆಚ್ಚು ಇದ್ದು ಹೃದ್ರೋಗ, ಹತೋಟಿಗೆ ಬಾರದ ಮಧುಮೇಹದಂತಹ ತೀವ್ರ ರೋಗವಿರಬೇಕು ಎಂಬ ಷರತ್ತುಗಳಿವೆ. 160 ಸೆಂಟಿಮೀಟರ್ ಎತ್ತರದವರಿಗೆ 40 ಎಂದರೆ ಸುಮಾರು 102 ಕಿಲೋ ತೂಕ. ಆ ಭಾರವನ್ನು ಹೊತ್ತು ಚರ್ಚಿನ ಮೆಟ್ಟಿಲು ಹತ್ತುವವರ ಮೊಣಕಾಲುಗಳ ಕಷ್ಟ ಅವರಿಗೇ ಗೊತ್ತು.

‘ಅಡ್ಡದಾರಿ’ ಎಂಬ ಮಾತಂತೂ ನಿಲ್ಲಲಾರದು. ಶಸ್ತ್ರಚಿಕಿತ್ಸೆಗೆ ತನ್ನದೇ ಆದ ಅಪಾಯಗಳಿವೆ. ಬಳಿಕ ವಾರಗಟ್ಟಲೆ ದ್ರವಾಹಾರ ಮತ್ತು ಮೆದು ಆಹಾರ. ಜೀವನಪರ್ಯಂತ ಸಣ್ಣ ತುತ್ತು, ಸಾವಧಾನದ ಊಟ, ವಿಟಮಿನ್ ಗುಳಿಗೆಗಳು, ಕಾಲಕಾಲಕ್ಕೆ ರಕ್ತಪರೀಕ್ಷೆ. ವರ್ಷಗಳ ನಂತರ ಕೆಲವರಲ್ಲಿ ತೂಕವು ಸ್ವಲ್ಪ ಮರಳುವುದೂ ಉಂಟು. ಆಗ ‘ನಾವು ಹೇಳಿರಲಿಲ್ಲವೇ’ ಎನ್ನುವವರು ಮತ್ತೆ ಮುಂದೆ ಬರುತ್ತಾರೆ. ಕನ್ನಡಕ ಧರಿಸಿದವರನ್ನು ಕಣ್ಣಿನ ಸೋಮಾರಿಗಳೆಂದು ನಾವು ಕರೆಯುತ್ತೇವೆಯೇ?

ಎರಡನೆಯದು ಅಧಿಕಾರ. ಯಾರ ದೇಹವೋ ಅವರು, ವೈದ್ಯರು, ಬಾಳಸಂಗಾತಿ – ನಿರ್ಧಾರದಲ್ಲಿ ಪಾಲು ಇವರದು. ಹೆತ್ತವರೂ ಒಡಹುಟ್ಟಿದವರೂ ಮೊದಲೇ ತಮ್ಮ ಆತಂಕವನ್ನು ಹೇಳಿಕೊಳ್ಳಬಹುದು. ಅದು ಪ್ರೀತಿಯ ಹಕ್ಕು. ಮುಗಿದ ಮೇಲೆ ಬಂದು ತೀರ್ಪು ಓದುವ ನೆರೆಯವರನ್ನು ನ್ಯಾಯಪೀಠದಲ್ಲಿ ಕೂರಿಸಿದವರು ಯಾರು?

ಮೂರನೆಯದು ನ್ಯಾಯಬುದ್ಧಿ. ದಪ್ಪನೆಯ ದೇಹವನ್ನು ಕಂಡೊಡನೆ ಹೊಟ್ಟೆಬಾಕತನದ ಪಾಪವನ್ನು ಆರೋಪಿಸುವುದು ನಮ್ಮಲ್ಲಿ ರೂಢಿಯಾಗಿದೆ. ಅಕ್ವಿನಾಸರ ವಿವರಣೆಯಲ್ಲಿ ಈ ಪಾಪವು ಶರೀರದ ಗಾತ್ರದಲ್ಲಿಲ್ಲ, ವಿವೇಕಕ್ಕೆ ಒಳಪಡದ ಆಸೆಯಲ್ಲಿದೆ. ರುಚಿಯ ಬಗೆಗಿನ ಅತಿಯಾದ ಹಂಬಲವೂ ಊಟದ ವೇಳೆಯ ಆತುರವೂ ಅದರ ಬಗೆಗಳೇ. ಆದ್ದರಿಂದ ತೆಳ್ಳಗಿನವನೂ ಅದಕ್ಕೆ ಒಳಗಾಗಬಹುದು, ದಪ್ಪಗಿನವನು ಅದರಿಂದ ಮುಕ್ತನಾಗಿರಬಹುದು. ತೂಕದ ಯಂತ್ರವು ಕಿಲೋಗಳನ್ನು ತೋರಿಸೀತೇ ಹೊರತು ಪಾಪವನ್ನಲ್ಲ. ಸಾಕಷ್ಟು ಆಧಾರವಿಲ್ಲದೆ ಇತರರಲ್ಲಿ ದೋಷವನ್ನು ನಂಬುವುದನ್ನು ಧರ್ಮಸಭೆಯು ಎಂಟನೆಯ ಆಜ್ಞೆಗೆ ವಿರುದ್ಧವಾದ ದುಡುಕಿನ ತೀರ್ಪೆಂದು ಬೋಧಿಸುತ್ತದೆ.

ಇನ್ನು ಈ ಮಾತುಗಳನ್ನು ಕೇಳಬೇಕಾದವರಿಗೆ ಎರಡು ಮಾತು. ಊರ ಬಾಯಿಗೆ ಬೀಗ ಹಾಕಲಾಗದು. ಪ್ರತಿಯೊಬ್ಬರಿಗೂ ಉತ್ತರಿಸುವ ಋಣವೂ ನಿಮಗಿಲ್ಲ. ಮೌನ ಬೇರೆ, ಸುಳ್ಳು ಬೇರೆ. ಮೌನವು ನಿಮ್ಮ ಹಕ್ಕು. ಸುಳ್ಳಾದರೋ ಹೊಸ ಹೊರೆಯಾಗುತ್ತದೆ: ಪಿತ್ತಕೋಶದ ಕಥೆ ನಂಬಿದ ಆತಿಥೇಯರು ನಿಮ್ಮ ತಟ್ಟೆಗೆ ಎಲ್ಲವನ್ನೂ ಬಡಿಸಿಯೇ ಬಡಿಸುತ್ತಾರೆ. ‘ವೈದ್ಯರು ಹೇಳಿದ ಚಿಕಿತ್ಸೆ ಮಾಡಿಸಿಕೊಂಡಿದ್ದೇನೆ, ಈಗ ಚೆನ್ನಾಗಿದ್ದೇನೆ’ ಎಂಬ ಒಂದು ವಾಕ್ಯ ಸಾಕು. ಪ್ರಶ್ನೆ ಮುಂದುವರಿದರೆ ಅದೇ ವಾಕ್ಯವನ್ನು ನಗುಮುಖದಿಂದ ಇನ್ನೊಮ್ಮೆ ಹೇಳಿರಿ. ಆದರೆ ಬಾಳಸಂಗಾತಿಗೂ ಅಡುಗೆ ಮಾಡುವವರಿಗೂ ಮುಂದೆ ಯಾವ ಕಾಯಿಲೆಗೆ ಹೋದರೂ ಆ ವೈದ್ಯರಿಗೂ ಪೂರ್ಣ ಸತ್ಯ ತಿಳಿದಿರಲೇಬೇಕು.

ಯಾರನ್ನೋ ಮೆಚ್ಚಿಸಲು ಉಣ್ಣದಿರಿ, ಕುಡಿಯದಿರಿ. ಸನ್ನಾ, ಪೋರ್ಕ್ ಎಂದು ಒತ್ತಾಯಿಸುವ ಆತಿಥ್ಯವು ಈ ದೇಹಕ್ಕೆ ವಾಂತಿಯನ್ನು ತರಬಲ್ಲದು. ಬೈಪಾಸ್ ವಿಧಾನದ ನಂತರ ಸಿಹಿ ಹೆಚ್ಚಾದರೆ ಬೆವರು, ಎದೆಬಡಿತ, ತಲೆಸುತ್ತು ಕಾಡಬಹುದು. ಮದ್ಯವು ಮೊದಲಿಗಿಂತ ಬೇಗನೆ ರಕ್ತಕ್ಕೇರುತ್ತದೆ. ಚಟಕ್ಕೆ ಬೀಳುವ ಅಪಾಯವೂ ಹೆಚ್ಚು. ‘ಒಂದೇ ಪೆಗ್’ ಎಂದು ಗ್ಲಾಸು ಚಾಚುವವರು ಇದನ್ನರಿಯಬೇಕು. ಗರ್ಭಧಾರಣೆಯನ್ನು ಒಂದರಿಂದ ಒಂದೂವರೆ ವರ್ಷ ಮುಂದೂಡುವಂತೆ ವೈದ್ಯರು ಸ್ತ್ರೀಯರಿಗೆ ಹೇಳುತ್ತಾರೆ. ‘ವಿಶೇಷವೇನೂ ಇಲ್ಲವೇ’ ಎಂದು ಕೇಳುವವರಿಗೆ ಇದು ತಿಳಿದಿರುವುದಿಲ್ಲ.

ಪ್ರಿಯ ಕುಟುಂಬಗಳೇ, ಇಲ್ಲಿ ನಿಮ್ಮ ಹೊಣೆ ದೊಡ್ಡದು. ಸೊಸೆಯ ತಟ್ಟೆಯ ಬಗ್ಗೆ ನೆಂಟರು ಮಾತೆತ್ತಿದಾಗ ಅತ್ತೆಯೇ ‘ಅವಳಿಗೆ ಅಷ್ಟೇ ಸಾಕು’ ಎಂದರೆ ಆ ಮಾತು ಅಲ್ಲಿಗೇ ಮುಗಿಯುತ್ತದೆ. ಸೊಸೆಯೇ ಹೇಳಬೇಕಾಗಿ ಬಂದರೆ ಅದು ವಾದವಾಗುತ್ತದೆ. ಇಳಿದ ಮೈಯನ್ನು ನೋಡಿ ‘ಶುಗರ್ ಉಂಟಾ?’ ಎಂದು ಗಾಬರಿಪಡಿಸುವುದು ಬೇಡ. ‘ಈಗ ನೋಡಲು ಚೆಂದ’ ಎಂಬ ಹೊಗಳಿಕೆಯಲ್ಲೂ ಹಿಂದೆ ಚೆಂದವಿರಲಿಲ್ಲವೆಂಬ ಮುಳ್ಳು ಅಡಗಿದೆ. ‘ಆರೋಗ್ಯ ಹೇಗಿದೆ?’ ಎಂದು ಕೇಳಿ ಉತ್ತರ ಬರುವಷ್ಟನ್ನೇ ಆಲಿಸಿದರೆ ಸಾಕು.

ಯೇಸುಸ್ವಾಮಿಯನ್ನೂ ಅಂದಿನ ಜನ ಹೊಟ್ಟೆಬಾಕನೆಂದು ಆಡಿಕೊಂಡದ್ದು ಶುಭಸಂದೇಶದಲ್ಲಿ ದಾಖಲಾಗಿದೆ. ಆ ಮಾತಿಗೆ ಅಂಜಿ ಅವರು ಜನರೊಡನೆ ಊಟಕ್ಕೆ ಕುಳಿತುಕೊಳ್ಳುವುದನ್ನು ಬಿಡಲಿಲ್ಲ. ಚಿಕಿತ್ಸೆ ಪಡೆದವರೂ ಹಬ್ಬದೂಟಗಳಿಂದ ದೂರ ಉಳಿಯಬೇಕಾಗಿಲ್ಲ. ಸೆಪ್ಟೆಂಬರ್ 8ರ ತೆನೆಹಬ್ಬದಂದು ಹೊಸಕ್ಕಿಯ ಕೆಲವೇ ಕಾಳುಗಳನ್ನು ಹಾಲಿಗೋ ಪಾಯಸಕ್ಕೋ ಬೆರೆಸಿ ಮನೆಮಂದಿಯೆಲ್ಲ ಹಂಚಿಕೊಳ್ಳುತ್ತೇವೆ. ಅಲ್ಲಿ ಎಲ್ಲರ ಪಾಲೂ ಕೆಲವೇ ಕಾಳು. ಯಾರು ಎಷ್ಟು ಉಂಡರೆಂದು ಯಾರೂ ಎಣಿಸುವುದಿಲ್ಲ. ಮುಂದೆ ಬಡಿಸುವ ಊಟದ ವೇಳೆಯಲ್ಲಿಯೂ ಇದೇ ಮನಸ್ಸು ನಮಗಿರಲಿ.