ನಿಂತು ಓದಲು ಬಿಟ್ಟ ಅಂಗಡಿ

ಮುಂಬೈ ಫೋರ್ಟಿನ ಸ್ಟ್ರ್ಯಾಂಡ್ ಬುಕ್ ಸ್ಟಾಲ್ 2018ರ ಫೆಬ್ರವರಿ ಕೊನೆಯಲ್ಲಿ ಬಾಗಿಲು ಹಾಕಿತು. ಆಗ ಅದಕ್ಕೆ ಎಪ್ಪತ್ತು ವರ್ಷ. ಮುಚ್ಚುವ ಸುದ್ದಿ ಹಬ್ಬಿದ್ದೇ ತಡ, ಸರ್ ಫಿರೋಜ್‌ಶಾ ಮೆಹ್ತಾ ರಸ್ತೆಯ ಆ ಪುಟ್ಟ ಅಂಗಡಿಗೆ ಕೊನೆಯ ಮಾರಾಟಕ್ಕೆಂದು ಜನ ಮುಗಿಬಿದ್ದರು. ಅಂದಿನಿಂದ ಅದರ ಮಾತು ಬಂದಾಗಲೆಲ್ಲ ಯಾರಾದರೊಬ್ಬರು ನಿಟ್ಟುಸಿರು ಬಿಟ್ಟು ಹೇಳುತ್ತಾರೆ: "ಈಗ ಓದುವವರೆಲ್ಲಿ ಸ್ವಾಮಿ?" ನನಗೆ ಈ ಮಾತು ಒಪ್ಪಿಗೆಯಿಲ್ಲ. ಓದುವವರೇ ಇಲ್ಲದಿದ್ದರೆ ಆ ಜನ ಎಲ್ಲಿಂದ ಬಂದರು? ಚೀಲ ತುಂಬಾ ಏನನ್ನು ಹೊತ್ತುಕೊಂಡು ಹೋದರು? ಓದುಗರು ಇದ್ದೂ ಪುಸ್ತಕದಂಗಡಿ ಸಾಯುತ್ತದೆ ಎಂದರೆ ಕಾರಣವನ್ನು ಓದುಗರ ಮನಸ್ಸಿನಲ್ಲಿ ಹುಡುಕಿ ಸಿಗುವುದಿಲ್ಲ, ಅಂಗಡಿಯ ಲೆಕ್ಕದ ಪುಸ್ತಕದಲ್ಲಿ ಹುಡುಕಬೇಕು.

ಸ್ಟ್ರ್ಯಾಂಡ್ ನನ್ನ ಬಾಲ್ಯದ ಅಂಗಡಿ. ನಮ್ಮ ಅಪ್ಪಯ್ಯ ಕುಂದಾಪುರದ ಕಡೆಯಿಂದ ಬಂದು ಫೋರ್ಟಿನ ಒಂದು ಉಡುಪಿ ಹೋಟೆಲಿನಲ್ಲಿ ಗಲ್ಲೆಯಲ್ಲಿ ಕೂರುತ್ತಿದ್ದರು. ಮನೆ ಡೊಂಬಿವಲಿಯ ಚಾಳಿನಲ್ಲಿ. ಎಂಬತ್ತರ ದಶಕದ ಶನಿವಾರಗಳಲ್ಲಿ ಅರ್ಧ ದಿನದ ಶಾಲೆ ಮುಗಿಸಿ ಲೋಕಲ್ ಹಿಡಿದು ವಿ.ಟಿ.ಗೆ ಬಂದರೆ ಹೋಟೆಲಿನಲ್ಲಿ ಊಟದ ಗದ್ದಲ. ಆಫೀಸಿನವರು ಕುರ್ಚಿಯ ಹಿಂದೆ ಕುರ್ಚಿಗಾಗಿ ಕಾಯುತ್ತಿದ್ದ ಹೊತ್ತು. ಅಲ್ಲಿ ಹುಡುಗನೊಬ್ಬ ಸುಮ್ಮನೆ ನಿಲ್ಲಲೂ ಜಾಗವಿಲ್ಲ. ಗದ್ದಲ ಇಳಿಯುವವರೆಗೆ ನಾನು ಹೋಗಿ ನಿಲ್ಲುತ್ತಿದ್ದುದು ಸ್ಟ್ರ್ಯಾಂಡಿನಲ್ಲಿ. ಧನ್ನೂರ್ ಎಂಬ ಹಳೇ ಕಟ್ಟಡದ ನೆಲಮಹಡಿ. ಸೂರಿನವರೆಗೂ ಪುಸ್ತಕ. ಇಕ್ಕಟ್ಟಾದ ಏಣಿಮೆಟ್ಟಿಲು ಹತ್ತಿದರೆ ತಲೆ ತಾಗುವಂಥ ಅಟ್ಟ, ಅಲ್ಲೂ ಪುಸ್ತಕವೇ. ಇಬ್ಬರು ಎದುರುಬದುರಾದರೆ ಸೆಕೆಂಡ್ ಕ್ಲಾಸ್ ಡಬ್ಬಿಯಲ್ಲಿ ಸರಿದುಕೊಳ್ಳುವ ಹಾಗೆ ಮೈ ಓರೆ ಮಾಡಬೇಕು. ಇಂಥ ಜಾಗದಲ್ಲಿ ಏನನ್ನೂ ಕೊಳ್ಳದ ಹುಡುಗನೊಬ್ಬ ಗಂಟೆಗಟ್ಟಲೆ ಮೂಲೆ ಹಿಡಿದು ನಿಂತರೆ ಯಾವ ಅಂಗಡಿಯವನಿಗಾದರೂ ತೊಂದರೆಯೇ. ಆದರೆ ಅಲ್ಲಿ ಯಾರೂ ನನ್ನನ್ನು ಹೊರಗೆ ಕಳಿಸಲಿಲ್ಲ. ಪುಟದ ಮೂಲೆ ಮಡಚಬೇಡ ಎಂದು ಒಬ್ಬರು ಹೇಳಿದ್ದರು, ಅಷ್ಟೆ.

ಅಪ್ಪಯ್ಯನಿಗೆ ಇದು ನಂಬಲಾಗದ ಸಂಗತಿ. "ನಿಂತ್ಕಂಡ್ ಓದ್ರೆ ಅವ್ರ್ ಬೈಯುದಿಲ್ಯಾ?" ಎಂದು ಮತ್ತೆ ಮತ್ತೆ ಕೇಳುತ್ತಿದ್ದರು. ಗಲ್ಲೆಯಲ್ಲಿ ಕೂತವರಿಗೆ ಗೊತ್ತು, ಖಾಲಿ ಲೋಟ ಮುಂದಿಟ್ಟುಕೊಂಡು ಕೂತ ಗಿರಾಕಿ ಎಷ್ಟು ದುಬಾರಿಯೆಂದು. ಅದೇ ಹೋಟೆಲಿನಲ್ಲಿ ಟೇಬಲ್ ಒರೆಸುತ್ತಿದ್ದ ಹುಡುಗರು ಸಂಜೆ ಕೈಕಾಲು ತೊಳೆದು ಫೋರ್ಟಿನ ಕನ್ನಡ ರಾತ್ರಿ ಶಾಲೆಗೆ ಓಡುತ್ತಿದ್ದರು. ಅವರಲ್ಲೊಬ್ಬ ಸ್ಟ್ರ್ಯಾಂಡಿನಿಂದ ಆಕ್ಸ್‌ಫರ್ಡಿನ ಪಾಕೆಟ್ ಡಿಕ್ಷನರಿ ತಂದ ದಿನ ಹೋಟೆಲಿನ ಅಡುಗೆಮನೆಯಲ್ಲಿ ಅದು ಕೈಯಿಂದ ಕೈಗೆ ದಾಟಿದ್ದು ನೆನಪಿದೆ. ಮುಖಬೆಲೆಗಿಂತ ನೂರಕ್ಕೆ ಇಪ್ಪತ್ತು ಕಡಿಮೆಗೆ ಸಿಕ್ಕಿತ್ತು. ಚೌಕಾಸಿ ಮಾಡದೆ, ಕೇಳದೆ, ಬಿಲ್ಲಿನಲ್ಲಿ ತಾನಾಗಿಯೇ ಇಳಿದ ಬೆಲೆ.

ಈ ಎರಡು ಒಟ್ಟಿಗೆ ಇದ್ದ ಅಂಗಡಿ ಅದು: ನಿಲ್ಲಲು ಬಿಡುತ್ತಿತ್ತು, ಬೆಲೆಯನ್ನೂ ಇಳಿಸುತ್ತಿತ್ತು. ನನ್ನ ಹಂಬಲವೆಲ್ಲ ಈ ಜೋಡಿಗಾಗಿ. 1992ರಲ್ಲಿ ಮುಂಬೈಯಲ್ಲೇ ಕ್ರಾಸ್‌ವರ್ಡ್ ಎಂಬ ಪುಸ್ತಕ ಮಳಿಗೆ ಶುರುವಾದಾಗ ಕೂತು ಓದಲು ಜಾಗ ಬಂತು, ಆದರೆ ಬೆಲೆ ಮುಖಬೆಲೆಯೇ. ಆಮೇಲೆ ಆನ್‌ಲೈನಿನಲ್ಲಿ ರಿಯಾಯಿತಿ ಬಂತು, ನಿಲ್ಲುವ ನೆಲ ಹೋಯಿತು. ಕೈಯಲ್ಲಿ ಕಾಸಿಲ್ಲದವನು ಓದುಗನಾಗಬೇಕಾದರೆ ಎರಡೂ ಬೇಕು. ಏನನ್ನು ಓದಬೇಕೆಂದು ತಿಳಿಯಲು ನಿಲ್ಲಬೇಕು. ತಿಳಿದ ಮೇಲೆ ಕೊಳ್ಳಲು ಬೆಲೆ ಎಟುಕಬೇಕು.

ಅಂಗಡಿ ಕಟ್ಟಿದ ಟಿ.ಎನ್. ಶಾನಭಾಗರದು, ಹೆಸರೇ ಹೇಳುವಂತೆ, ನಮ್ಮ ಕರಾವಳಿಯ ಕೊಂಕಣಿ ಮನೆತನ. ಓದುವ ಹುಡುಗನಾಗಿದ್ದಾಗ ಬೊಂಬಾಯಿಯ ಒಂದು ಪುಸ್ತಕದಂಗಡಿಯಲ್ಲಿ ಪುಸ್ತಕ ತಿರುವಿ ನೋಡಿದ್ದಕ್ಕೆ ಅವಮಾನಪಟ್ಟರು, ಆ ನೋವಿನಿಂದಲೇ ಅಂಗಡಿ ಹುಟ್ಟಿತು ಎಂಬುದು ಅವರ ಬಗ್ಗೆ ಎಲ್ಲರೂ ಹೇಳುವ ಕತೆ. 1948ರಲ್ಲಿ ಕೊಲಾಬಾದ ಸ್ಟ್ರ್ಯಾಂಡ್ ಚಿತ್ರಮಂದಿರದೊಳಗೆ ಒಂದು ಪುಟ್ಟ ಗೂಡು ಹಾಕಿ ಆರಂಭಿಸಿದರು. ಕೆಲವೇ ವರ್ಷಗಳಲ್ಲಿ ಫೋರ್ಟಿಗೆ ಬಂದರು. ಚಿತ್ರಮಂದಿರದ ಹೆಸರು ಮಾತ್ರ ಉಳಿದುಕೊಂಡಿತು. ಗಿರಾಕಿಗಳಲ್ಲಿ ನೆಹರೂ ಇದ್ದರು, ಅಬ್ದುಲ್ ಕಲಾಂ ಇದ್ದರು. 2003ರಲ್ಲಿ ಶಾನಭಾಗರಿಗೆ ಪದ್ಮಶ್ರೀ ಬಂತು. ಪುಸ್ತಕ ಮಾರುವವರೊಬ್ಬರಿಗೆ ಸರ್ಕಾರ ಕೊಟ್ಟ ಈ ಮನ್ನಣೆ ಅಪರೂಪದ್ದು. 2009ರ ಫೆಬ್ರವರಿಯಲ್ಲಿ ಅವರು ತೀರಿಕೊಂಡರು.

ಇನ್ನು ಲೆಕ್ಕಕ್ಕೆ ಬರೋಣ. ಪುಸ್ತಕದಂಗಡಿಗೆ ಮುಖಬೆಲೆಯ ಮೇಲೆ ಸಿಗುವ ಕಮಿಷನ್ ಸಾಮಾನ್ಯವಾಗಿ ನೂರಕ್ಕೆ 30ರಿಂದ 40. ಐನೂರು ರೂಪಾಯಿಯ ಪುಸ್ತಕ ಎಂದಿಟ್ಟುಕೊಳ್ಳಿ. ಅಂಗಡಿಯ ಪಾಲು 150ರಿಂದ 200 ರೂಪಾಯಿ. ನೂರಕ್ಕೆ 20 ರಿಯಾಯಿತಿ ಎಂದರೆ ಅದರಲ್ಲಿ ನೂರು ರೂಪಾಯಿಯನ್ನು ಓದುಗನ ಕೈಗೆ ಕೊಟ್ಟ ಹಾಗೆ. ಉಳಿದ ಐವತ್ತೋ ನೂರೋ ರೂಪಾಯಿಯಲ್ಲಿ ಬಾಡಿಗೆ, ಕರೆಂಟು, ಸಂಬಳ, ಮಾರಾಟವಾಗದೆ ಧೂಳು ಹಿಡಿದ ಪುಸ್ತಕಗಳ ನಷ್ಟ ಎಲ್ಲ ನೀಗಬೇಕು. ಇದು ನಡೆಯಬೇಕಾದರೆ ಕೊಂಡದ್ದು ಬೇಗ ಮಾರಿಹೋಗಬೇಕು. ಬೇಗ ಮಾರಬೇಕಾದರೆ ಯಾವ ಪುಸ್ತಕ ಯಾರಿಗೆ ಎಂಬುದು ಮಾಲೀಕನಿಗೆ ತಲೆಯಲ್ಲೇ ಇರಬೇಕು. ಶಾನಭಾಗರ ನಿಜವಾದ ಬಂಡವಾಳ ಈ ತಿಳಿವಳಿಕೆ. ಪ್ರಕಾಶಕರೊಡನೆ ನೇರ ವ್ಯವಹಾರ ಮಾಡಿ, ಹೊರದೇಶಗಳಲ್ಲಿ ಉಳಿದುಹೋದ ಪ್ರತಿಗಳನ್ನು ಒಟ್ಟಾಗಿ ತರಿಸಿ, ಬಂದ ಲಾಭವನ್ನು ಬೆಲೆಯಲ್ಲಿ ಇಳಿಸುತ್ತಿದ್ದರು. ಸುಂದರ್‌ಬಾಯಿ ಹಾಲಿನಲ್ಲಿ ವರ್ಷಕ್ಕೊಮ್ಮೆ ನಡೆಯುತ್ತಿದ್ದ ಸ್ಟ್ರ್ಯಾಂಡ್ ಮಾರಾಟಕ್ಕೆ ಊರಿಗೆ ಊರೇ ಬರುತ್ತಿತ್ತು. ಡೊಂಬಿವಲಿಯಿಂದ ನಾವೂ ಸಂಬಳದ ವಾರ ಲೆಕ್ಕ ಹಾಕಿಕೊಂಡು ಹೋಗುತ್ತಿದ್ದೆವು.

ಆನ್‌ಲೈನಿನವರು ಕೊಟ್ಟದ್ದೂ ರಿಯಾಯಿತಿಯೇ ಅಲ್ಲವೇ, ಆಗ ಸ್ಟ್ರ್ಯಾಂಡ್ ಉಳಿದ ಅಂಗಡಿಗಳಿಗೆ ಮಾಡಿದ್ದನ್ನೇ ಈಗ ಇವರು ಸ್ಟ್ರ್ಯಾಂಡಿಗೆ ಮಾಡಿದರಲ್ಲವೇ ಎಂದು ಕೇಳುವವರಿದ್ದಾರೆ. ಅಲ್ಲ. ಶಾನಭಾಗರ ರಿಯಾಯಿತಿ ಅವರ ಲಾಭದೊಳಗಿಂದ ಬರುತ್ತಿತ್ತು. 2007ರಲ್ಲಿ ಫ್ಲಿಪ್‌ಕಾರ್ಟ್ ಪುಸ್ತಕದಿಂದಲೇ ಶುರು ಮಾಡಿತು, 2013ರಲ್ಲಿ ಅಮೆಜಾನ್ ಇಲ್ಲಿಗೆ ಬಂತು. ಆಮೇಲಿನ ಪೈಪೋಟಿಯಲ್ಲಿ ಎಷ್ಟೋ ಪುಸ್ತಕಗಳು ಅಂಗಡಿಯವನ ಖರೀದಿ ಬೆಲೆಯ ಆಸುಪಾಸಿಗೇ ಓದುಗನಿಗೆ ಸಿಗತೊಡಗಿದವು. ಆ ನಷ್ಟವನ್ನು ಹೊತ್ತದ್ದು ಹೂಡಿಕೆದಾರರ ಹಣ. ಐವತ್ತು ರೂಪಾಯಿಯ ಅಂಚಿನಲ್ಲಿ ಬದುಕುವವನು ನಷ್ಟವನ್ನೇ ಬಂಡವಾಳ ಮಾಡಿಕೊಂಡವರ ಎದುರು ಎಷ್ಟು ದಿನ ನಿಂತಾನು? ಅಗ್ಗದಲ್ಲಿ ಕೊಂಡ ಓದುಗನನ್ನು ನಾನು ಬೈಯಲಾರೆ. ಸಂಬಳದ ವಾರ ನೋಡಿಕೊಂಡು ಪುಸ್ತಕ ಕೊಳ್ಳುವ ಮನೆಯಲ್ಲಿ ಬೆಳೆದವನಿಗೆ ನೂರು ರೂಪಾಯಿಯ ಬೆಲೆ ಗೊತ್ತು.

ರಿಯಾಯಿತಿಯ ಪೈಪೋಟಿಯಲ್ಲಿ ಸಣ್ಣ ಅಂಗಡಿ ಉಳಿಯದು ಎಂಬುದನ್ನು ಫ್ರಾನ್ಸಿನವರು ಬಹಳ ಮೊದಲೇ ಕಂಡುಕೊಂಡರು. ಅಲ್ಲಿಯ ಸಂಸ್ಕೃತಿ ಸಚಿವ ಜಾಕ್ ಲಾಂಗ್ 1981ರಲ್ಲಿ ತಂದ ಕಾಯಿದೆಯಂತೆ ಹೊಸ ಪುಸ್ತಕಕ್ಕೆ ನೂರಕ್ಕೆ 5ಕ್ಕಿಂತ ಹೆಚ್ಚು ರಿಯಾಯಿತಿ ಕೊಡುವಂತಿಲ್ಲ. ದೊಡ್ಡ ಮಳಿಗೆಯಿರಲಿ, ಗಲ್ಲಿಯ ಅಂಗಡಿಯಿರಲಿ, ಬೆಲೆ ಒಂದೇ. ಮುಂದೆ ಆನ್‌ಲೈನ್ ಪುಸ್ತಕಕ್ಕೆ ಅಂಚೆವೆಚ್ಚವನ್ನೂ ಕಡ್ಡಾಯ ಮಾಡಿದರು. ನಮ್ಮಲ್ಲೂ ಅಂಥದ್ದೇ ಬರಲಿ ಎನ್ನುವ ಆಸೆ ನನಗೂ ಇತ್ತು. ಆದರೆ ಆ ಕಾಯಿದೆಯನ್ನು ಹಾಗೆಯೇ ಇಲ್ಲಿ ತಂದಿದ್ದರೆ ಸ್ಟ್ರ್ಯಾಂಡ್ ಹುಟ್ಟುತ್ತಲೇ ಇರಲಿಲ್ಲ, ರಾತ್ರಿ ಶಾಲೆಯ ಆ ಹುಡುಗನ ಕೈಗೆ ಡಿಕ್ಷನರಿಯೂ ಬರುತ್ತಿರಲಿಲ್ಲ. ನಮಗೆ ಬೇಕಾದ ನಿಯಮ ಬೇರೆ: ಲಾಭದಲ್ಲಿ ಎಷ್ಟು ಬೇಕಾದರೂ ಬಿಟ್ಟುಕೊಡಿ, ಆದರೆ ಹೊಸ ಪುಸ್ತಕವನ್ನು ಕೊಂಡ ಬೆಲೆಗಿಂತ ಕಡಿಮೆಗೆ ಯಾರೂ ಮಾರಬಾರದು. ಈ ಒಂದು ಸಾಲಿನ ನಿಯಮಕ್ಕೆ ಪ್ರಕಾಶಕರು ಒಗ್ಗಟ್ಟಾಗಿ ಒತ್ತಾಯಿಸಿದ್ದನ್ನು ನಾನು ಕಂಡಿಲ್ಲ. ಸ್ಟ್ರ್ಯಾಂಡ್ ಮುಚ್ಚಿದಾಗ ಮರುಗಿದ ದೊಡ್ಡ ಹೆಸರುಗಳು ಒಮ್ಮೆ ದಿಲ್ಲಿಗೆ ಒಂದು ಪತ್ರ ಬರೆದಿದ್ದರೆ ಎಷ್ಟು ಚೆನ್ನಾಗಿತ್ತು.

ಬೆಲೆಯಷ್ಟೇ ದೊಡ್ಡದು ನೆಲದ ಮಾತು. ಮುಂಬೈಯ ಹಳೇ ಅಂಗಡಿಗಳನ್ನು, ಇರಾನಿ ಹೋಟೆಲುಗಳಿಂದ ಹಿಡಿದು ನಮ್ಮ ಉಡುಪಿ ಹೋಟೆಲುಗಳವರೆಗೆ, ಬಹುಕಾಲ ಕಾಪಾಡಿದ್ದು 1947ರ ಬಾಡಿಗೆ ಕಾಯಿದೆ ಮತ್ತು ಒಮ್ಮೆ ದೊಡ್ಡ ಮೊತ್ತ ಕೊಟ್ಟು ಹಳೇ ಬಾಡಿಗೆಯಲ್ಲೇ ಉಳಿಯುವ ಪಗಡಿ ಪದ್ಧತಿ. ಹಳೇ ಬಾಡಿಗೆಯಲ್ಲಿ ಕೂತವನಿಗೆ ತೆಳ್ಳಗಿನ ಲಾಭವೂ ಸಾಕು. ಆದರೆ ಗಿರಾಕಿಯೇ ಬೇರೆ ಕಡೆ ಹೋದರೆ ಕಾಯಿದೆ ಏನು ಮಾಡೀತು? ಫೋರ್ಟಿನ ಬ್ಯಾಂಕು, ಷೇರುಪೇಟೆಯ ಕಚೇರಿಗಳು ಬಾಂದ್ರಾ ಕುರ್ಲಾ ಸಂಕೀರ್ಣಕ್ಕೂ ಪರೇಲಿನ ಹಳೇ ಮಿಲ್ಲುಗಳ ಜಾಗಕ್ಕೂ ಎದ್ದುಹೋದಂತೆ ಊಟದ ಬಿಡುವಿನಲ್ಲಿ ಪುಸ್ತಕ ನೋಡಲು ಬರುತ್ತಿದ್ದವರು ಕರಗಿದರು. ಕಾಲಾ ಘೋಡಾದ ರಿದಮ್ ಹೌಸ್ ಎಂಬ ಹಾಡಿನ ಅಂಗಡಿ 2016ರಲ್ಲೇ ಮುಚ್ಚಿತ್ತು. ಆದರೆ ಅದೇ ಫೋರ್ಟಿನಲ್ಲಿ ಕಿತಾಬ್ ಖಾನಾ ಎಂಬ ಪುಸ್ತಕದಂಗಡಿ ಈಗಲೂ ಇದೆ; 2020ರ ಡಿಸೆಂಬರಿನ ಬೆಂಕಿಯಲ್ಲಿ ಸುಟ್ಟುಹೋದರೂ ಕೆಲವೇ ತಿಂಗಳಲ್ಲಿ ಮತ್ತೆ ತೆರೆಯಿತು. ಅದು ಇರುವುದು ಸೋಮೈಯಾ ಭವನದಲ್ಲಿ, ನಡೆಸುವವರೂ ಸೋಮೈಯಾ ಮನೆತನದವರೇ. ನೆಲ ತಮ್ಮದಾದರೆ ಪುಸ್ತಕದಂಗಡಿ ಬೆಂಕಿಯಿಂದಲೂ ಎದ್ದು ಬರುತ್ತದೆ.

ಬೆಂಗಳೂರಿನ ಓದುಗರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಟಿ.ಎನ್. ಶಾನಭಾಗರ ಸಂಬಂಧಿ ಟಿ.ಎಸ್. ಶಾನಭಾಗ್ ಅವರು ಪುಸ್ತಕದ ಕಸುಬು ಕಲಿತು 1971ರಲ್ಲಿ ತೆರೆದ ಪ್ರೀಮಿಯರ್ ಬುಕ್ ಶಾಪ್ 2009ರಲ್ಲಿ ಮುಚ್ಚಿತು, ಅದಕ್ಕೂ ಜಾಗದ ಕರಾರು ಕಾರಣವಾಗಿತ್ತು. ಕೋವಿಡ್ 2021ರಲ್ಲಿ ಅವರನ್ನೂ ಕರೆದುಕೊಂಡು ಹೋಯಿತು. ಆದರೂ ಆ ಅಂಗಡಿಯ ಪಕ್ಕದ ಚರ್ಚ್ ಸ್ಟ್ರೀಟಿನಲ್ಲಿ ಇಂದಿಗೂ ಬ್ಲಾಸಮ್, ಬುಕ್‌ವರ್ಮ್ ಪುಸ್ತಕದಂಗಡಿಗಳು ತುಂಬಿ ತುಳುಕುತ್ತಿವೆ. ಅಲ್ಲಿ ಹಳೇ ಪುಸ್ತಕವೂ ಸಿಗುತ್ತದೆ, ಬೆಲೆಯೂ ಇಳಿಯುತ್ತದೆ, ನೆಲದ ಮೇಲೆ ಕೂತು ಓದುವ ಹುಡುಗ ಹುಡುಗಿಯರನ್ನು ಯಾರೂ ಎಬ್ಬಿಸುವುದಿಲ್ಲ. ಭಾನುವಾರ ಸಂಜೆ ಒಮ್ಮೆ ಹೋಗಿ ನೋಡಿದರೆ ಓದುವವರೆಲ್ಲಿ ಎಂಬ ಪ್ರಶ್ನೆಗೆ ಉತ್ತರ ಸಿಗುತ್ತದೆ.

ಮುಂಬೈಯ ಕನ್ನಡಿಗರಾದ ನಾವು ಏನು ಮಾಡಬಹುದು? ದಿಲ್ಲಿಯ ನಿಯಮ ನಮ್ಮ ಕೈಯಲ್ಲಿಲ್ಲ. ನೆಲ ಮಾತ್ರ ನಮ್ಮಲ್ಲಿದೆ. ಮಾಟುಂಗದಲ್ಲಿ 1926ರಲ್ಲಿ ಸ್ಥಾಪನೆಯಾದ ಮೈಸೂರು ಅಸೋಸಿಯೇಷನ್, ಕುರ್ಲಾದ ಬಂಟರ ಭವನ, ಸಾಂತಾಕ್ರೂಜಿನ ಬಿಲ್ಲವ ಭವನ, ಇವೆಲ್ಲ ಒಂದೊಂದು ರೂಪಾಯಿ ಕೂಡಿಸಿ ಕಟ್ಟಿದವು. 1902ರಷ್ಟು ಹಿಂದೆ ಹುಟ್ಟಿದ ಮೊಗವೀರ ವ್ಯವಸ್ಥಾಪಕ ಮಂಡಳಿಯಂಥ ಸಂಘಗಳೇ ಹಿಂದೆ ಹೋಟೆಲ್ ಹುಡುಗರಿಗಾಗಿ ರಾತ್ರಿ ಶಾಲೆ ನಡೆಸಿದ್ದು. ಆಗ ಸರ್ಕಾರ ಮಾಡಲಿ ಎಂದು ಯಾರೂ ಕಾಯಲಿಲ್ಲ. ಈಗ ಈ ಭವನಗಳ ಹೆಬ್ಬಾಗಿಲಿನ ಪಡಸಾಲೆ ಮದುವೆಯಿಲ್ಲದ ದಿನ ಖಾಲಿ ಬಿದ್ದಿರುತ್ತದೆ. ಮುಂಬೈಯಲ್ಲಿ ಅದಕ್ಕಿಂತ ಬೆಲೆಬಾಳುವ ಜಾಗವಿಲ್ಲ.

ಅಲ್ಲಿ ಪುಸ್ತಕ ಮಾರುವವನೊಬ್ಬನಿಗೆ ಬಾಡಿಗೆಯಿಲ್ಲದೆ ಜಾಗ ಕೊಡಿ. ಕಿಂಗ್ಸ್ ಸರ್ಕಲ್ಲಿನ ಫುಟ್‌ಪಾತಿನಲ್ಲಿ ಮಳೆಗೆ ಪ್ಲಾಸ್ಟಿಕ್ ಹೊದೆಸಿಕೊಂಡು ಹಳೇ ಪುಸ್ತಕ ಮಾರುವವರನ್ನು ಕೇಳಿದರೂ ಆಯಿತು, ಮೈಸೂರು ಅಸೋಸಿಯೇಷನ್ ಅವರಿಗೆ ನಡಿಗೆಯ ದೂರ. ಕನ್ನಡದ್ದು ಇರಲಿ, ಇಂಗ್ಲಿಷು, ಮರಾಠಿಯೂ ಇರಲಿ. ಕಾಲೇಜಿಗೆ ಹೋಗುವ ನಮ್ಮ ಮಕ್ಕಳು ಮೂರನ್ನೂ ಓದುತ್ತಾರೆ. ಕರಾರು ಎರಡೇ ಸಾಕು. ಬಾಡಿಗೆಯಲ್ಲಿ ಉಳಿದದ್ದನ್ನು ಬೆಲೆಯಲ್ಲಿ ಇಳಿಸಬೇಕು, ಕೊಳ್ಳದೆ ನಿಂತು ಓದುವವರನ್ನು ಕಳಿಸಬಾರದು. ಇದನ್ನು ಓದುವ ಪದಾಧಿಕಾರಿಗಳು ಮುಂದಿನ ಕಾರ್ಯಕಾರಿ ಸಮಿತಿಯ ಸಭೆಯಲ್ಲೇ ಈ ವಿಷಯ ಇಟ್ಟರೆ ಮಳೆಗಾಲಕ್ಕೆ ಮೊದಲು ಒಂದು ಭವನದಲ್ಲಾದರೂ ಪುಸ್ತಕದ ಮೇಜು ಹಾಕಬಹುದು.